ಬಿಸಿಬುಗ್ಗೆಯ ಪ್ರೋಟೀನಿನಲ್ಲಿ ಗಂಧಕ ಉಳಿಸಿಕೊಳ್ಳುವ ಬಗೆ: ಧಾರವಾಡದ ಬೆಂಚಿನಿಂದ

ಸಲ್ಫರ್ ಆಕ್ಸಿಜನೇಸ್ ರಿಡಕ್ಟೇಸ್ ಅನ್ನು ಲ್ಯಾಬಿನಲ್ಲಿ ನಾವು ಎಸ್‌ಒಆರ್ ಎಂದೇ ಕರೆಯುತ್ತೇವೆ. ಐಸ್‌ಲ್ಯಾಂಡಿನ ಗಂಧಕದ ಬುಗ್ಗೆಗಳಿಂದ ಬಂದ ಆಸಿಡಿಯಾನಸ್ ಆಂಬಿವೇಲೆನ್ಸ್ ಎಂಬ ಆರ್ಕಿಯಾದ (ಬ್ಯಾಕ್ಟೀರಿಯಾದಂತೆ ಕಾಣುವ ಬೇರೆ ಗುಂಪಿನ ಸೂಕ್ಷ್ಮಜೀವಿ) ಕಿಣ್ವ ಇದು; ಗಂಧಕವನ್ನು ಸಲ್ಫೈಟ್ ಮತ್ತು ಸಲ್ಫೈಡ್ ಆಗಿ ಬದಲಿಸುತ್ತದೆ. ಇದರ ರಚನೆ 2006ರಲ್ಲಿ ಪ್ರಕಟವಾಯಿತು, ಪ್ರೋಟೀನ್ ರಚನೆಗಳ ಭಂಡಾರವಾದ ಪಿಡಿಬಿಯಲ್ಲಿ ಅದರ ಸಂಖ್ಯೆ 2ಸಿಬಿ2. 24 ಉಪಘಟಕಗಳು ಸೇರಿ ಒಂದು ಟೊಳ್ಳು ಚೆಂಡು ಆಗುತ್ತದೆ. ಪ್ರತಿ ಘಟಕದಲ್ಲಿ ಒಂದು ಕಬ್ಬಿಣದ ಪರಮಾಣು ಇದೆ, ಅದನ್ನು ಸರಪಳಿಯ 86 ಮತ್ತು 90ನೇ ಸ್ಥಾನದ ಹಿಸ್ಟಿಡೀನ್, 114ನೇ ಸ್ಥಾನದ ಗ್ಲುಟಮೇಟ್ ಎಂಬ ಅಮೈನೋ ಆಮ್ಲಗಳು ಹಿಡಿದಿವೆ. ಅದರ ಸಮೀಪದ 31ನೇ ಸಿಸ್ಟೀನಿನ ಗಂಧಕಕ್ಕೆ ಇನ್ನೊಂದು ಗಂಧಕ ಅಂಟಿರುತ್ತದೆ. ಇದೇ ಪರ್ಸಲ್ಫೈಡ್. ಈ ಸಿಸ್ಟೀನನ್ನು ಬದಲಿಸಿದರೆ ಕಿಣ್ವ ಕೆಲಸವನ್ನೇ ಮಾಡುವುದಿಲ್ಲ. ಆದರೆ ಪ್ರೋಟೀನ್ ಶುದ್ಧೀಕರಣದಲ್ಲಿ ಕಣ್ಣುಮುಚ್ಚಿ ಪಾಲಿಸುವ ಪದ್ಧತಿಗಳೇ ಆ ಒಂದು ಗಂಧಕವನ್ನು ಕಳೆದುಬಿಡುತ್ತವೆ.

ಹಾಗಾಗಿ ಬಫರಿಗೆ ಡಿಟಿಟಿ, ಮರ್ಕ್ಯಾಪ್ಟೋಎಥನಾಲ್ ಎಂಬ ರೂಢಿಯ ರಿಡ್ಯೂಸಿಂಗ್ ರಾಸಾಯನಿಕಗಳನ್ನು ಹಾಕುವುದೇ ಇಲ್ಲ. ಅವು ಪರ್ಸಲ್ಫೈಡನ್ನು ಒಡೆದು ಹೊರಗಿನ ಗಂಧಕವನ್ನು ಹೈಡ್ರೋಜನ್ ಸಲ್ಫೈಡ್ ಮಾಡಿ ಕಳಿಸುತ್ತವೆ. ಲೋಹಗಳನ್ನು ಹಿಡಿದು ಕಬ್ಬಿಣವನ್ನೂ ಕಿತ್ತುಕೊಳ್ಳುವ ಇಡಿಟಿಎಯೂ ಬೇಡ. ಈ ಪ್ರೋಟೀನನ್ನು ನಮಗೆ ತಯಾರಿಸಿಕೊಡುವ ಇ. ಕೋಲಿ ಬ್ಯಾಕ್ಟೀರಿಯಾವನ್ನು ಬೆಳೆಸುವಾಗ ಮಾಧ್ಯಮಕ್ಕೆ 0.1 ಮಿಲಿಮೋಲಾರ್ ಫೆರಿಕ್ ಸಿಟ್ರೇಟ್ ಸೇರಿಸುತ್ತೇನೆ. ಪ್ರೋಟೀನಿನ ಬಹುಪಾಲು ಕರಗದೆ ಗುಡ್ಡೆಯಾಗಿ ಕೂರುತ್ತದೆ, ಆ ಲೆಕ್ಕ ಹಿಡಿದೇ ಹೆಚ್ಚು ಕಲ್ಚರ್ ಬೆಳೆಸಬೇಕು.

ಮುಂದಿನದು ಬಿಸಿ ಮಾಡುವ ಹಂತ, ಇಲ್ಲಿ ಶಾಖಪ್ರಿಯ ಪ್ರೋಟೀನ್ ನಮ್ಮ ಕೆಲಸ ಹಗುರ ಮಾಡುತ್ತದೆ. ಒಡೆದ ಕೋಶದ ದ್ರಾವಣಕ್ಕೆ ಮೊದಲೇ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಕಿಣ್ವ ಹಾಕಿ ಅಂಟು ಇಳಿಸಿಕೊಳ್ಳಿ, ಬಿಸಿಯಾದ ಮೇಲೆ ಅದು ಉಪಯೋಗಕ್ಕೆ ಬಾರದು. ಸಣ್ಣ ಟ್ಯೂಬುಗಳಲ್ಲಿ ಹಂಚಿ 70 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಐಸಿನಲ್ಲಿ ತಣಿಸಿ, ಸೆಂಟ್ರಿಫ್ಯೂಜಿನಲ್ಲಿ 15,000 ಜಿ (ಗುರುತ್ವದ 15,000 ಪಟ್ಟು) ಬಲದಲ್ಲಿ ಅರ್ಧ ಗಂಟೆ ತಿರುಗಿಸಿದರೆ ಇ. ಕೋಲಿಯ ಪ್ರೋಟೀನುಗಳು ಬಹುಪಾಲು ಒಡೆದ ಹಾಲಿನಂತೆ ತಳ ಸೇರುತ್ತವೆ. 50 ಮಿಲಿಯ ದೊಡ್ಡ ಟ್ಯೂಬಿನಲ್ಲಿ ಒಟ್ಟಿಗೇ ಇಟ್ಟರೆ ನಡುಭಾಗಕ್ಕೆ ಬಿಸಿ ತಡವಾಗಿ ಮುಟ್ಟುತ್ತದೆ.

ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ 100ಕ್ಕೆ ಹೊಂದಿಸುವವರು ಗಮನಿಸಿ: ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ಲೆಕ್ಕ ಇಲ್ಲಿ ಹಿಡಿದರೆ ಸುಮಾರು ಎರಡೂವರೆ ಡಿಗ್ರಿ ತಪ್ಪುತ್ತದೆ. ವಾಟರ್ ಬಾತಿಗೆ ಬೋರ್‌ವೆಲ್ ನೀರು ಬೇಡ, ಹೀಟರಿನ ಮೇಲೆ ಸುಣ್ಣ ಕಟ್ಟಿ ಬಿಸಿ ಏರುಪೇರಾಗುತ್ತದೆ.

ಟ್ರಿಸ್ ಬಫರಿನ ಪಿಎಚ್ ಬಿಸಿ ಏರಿದಂತೆ ಪ್ರತಿ ಡಿಗ್ರಿಗೆ ಸುಮಾರು 0.028 ಇಳಿಯುತ್ತದೆ. 85 ಡಿಗ್ರಿಯಲ್ಲಿ 7.2 ಬೇಕಿದ್ದರೆ 25 ಡಿಗ್ರಿಯಲ್ಲಿ 8.9ರ ಹತ್ತಿರ ಇಟ್ಟುಕೊಳ್ಳಬೇಕು. ಕಿಣ್ವದ ಪರೀಕ್ಷೆಗೆ ಗಂಧಕದ ಪುಡಿಯನ್ನು ಸ್ವಲ್ಪ ಟ್ವೀನ್ 20 ಎಂಬ ಡಿಟರ್ಜೆಂಟ್ ಜತೆ ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಕದಡಿ) ಹರಡುತ್ತೇನೆ, ಇಲ್ಲದಿದ್ದರೆ ಅದು ಮೇಲೆಯೇ ತೇಲುತ್ತದೆ. ಸಲ್ಫೈಡ್ ಹಿಡಿಯುವ ಸತು ಅಸಿಟೇಟನ್ನು ಕ್ರಿಯೆ ನಿಲ್ಲಿಸಿದ ಮೇಲಷ್ಟೇ ಹಾಕಿ, ಏಕೆಂದರೆ ಸತು ಈ ಕಿಣ್ವವನ್ನೇ ತಡೆಯುತ್ತದೆ. ಸಲ್ಫೈಟನ್ನು ಮಾತ್ರ ಅಳೆದರೆ ಲೆಕ್ಕ ಕಡಿಮೆ ಬರುತ್ತದೆ. ಅದು ಬಿಸಿಯಲ್ಲಿ ಉಳಿದ ಗಂಧಕದ ಜತೆ ತಾನಾಗಿಯೇ ಸೇರಿ ಥಯೋಸಲ್ಫೇಟ್ ಆಗುತ್ತದೆ, ಅದನ್ನೂ ಅಳೆಯಬೇಕು.

ಕಂಪ್ಯೂಟರಿನಲ್ಲಿಯೂ ಅದೇ ಗಂಧಕ ಕಳೆದುಹೋಗುತ್ತದೆ. ಪಿಡಿಬಿ ಕಡತದಲ್ಲಿ 31ನೇ ಶೇಷಕ್ಕೆ ಸಿಎಸ್‌ಎಸ್ ಎಂಬ ಹೆಸರು, ಸಾಲಿನ ಮೊದಲಿಗೆ ಹೆಟ್‌ಆಟಮ್ (ಸಾಮಾನ್ಯ ಅಮೈನೋ ಆಮ್ಲಕ್ಕೆ ಸೇರದ ಪರಮಾಣು) ಎಂಬ ಗುರುತು. ಡಾಕಿಂಗಿಗೆ (ಪ್ರೋಟೀನಿನಲ್ಲಿ ಸಣ್ಣ ಅಣು ಹೇಗೆ ಕೂರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕುವುದು) ಮುನ್ನ ಎಲ್ಲ ಹೆಟ್‌ಆಟಮ್ ಅಳಿಸುವ ರೂಢಿ ಇದೆಯಲ್ಲ, ಅದರಲ್ಲಿ ಪರ್ಸಲ್ಫೈಡ್, ಕಬ್ಬಿಣ ಎರಡೂ ಹೋಗಿ ಸರಪಳಿ 30ಕ್ಕೂ 32ಕ್ಕೂ ನಡುವೆ ತುಂಡಾಗುತ್ತದೆ. ನೀರನ್ನಷ್ಟೇ ಹೆಸರಿಟ್ಟು ತೆಗೆಯಿರಿ. ಇಡೀ ಚೆಂಡು ಕಾಣಬೇಕಾದರೆ ಜೈವಿಕ ಜೋಡಣೆಯ ಕಡತವನ್ನೇ ತೆರೆಯಿರಿ. ಕಂಪ್ಯೂಟರ್ ಊಹಿಸಿದ ರಚನೆಗಳಿರುವ ಆಲ್ಫಾಫೋಲ್ಡ್ ಭಂಡಾರದ ಮಾದರಿಯಲ್ಲಿ ಕಬ್ಬಿಣ ಇರುವುದಿಲ್ಲ, ಸಿಸ್ಟೀನೂ ಬರಿಯ ಸಿಸ್ಟೀನ್.

ಗಂಧಕ ಉಳಿದಿದೆಯೇ ಎಂದು ನೋಡಲು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸುವಾಗ ಒಂದು ಭಾಗವನ್ನು ರಿಡ್ಯೂಸ್ ಮಾಡದೆ (ಡಿಟಿಟಿಯಂಥದ್ದು ಹಾಕದೆ) ಕೊಡಬೇಕು. ಆಗ ತೂಕ 32 ಡಾಲ್ಟನ್ (ಅಣುವಿನ ತೂಕದ ಮಾನ) ಹೆಚ್ಚು ಕಂಡರೂ ಕೂಡಲೇ ನಂಬಬೇಡಿ: ಸಿಸ್ಟೀನ್ ಎರಡು ಆಕ್ಸಿಜನ್ ಹಿಡಿದು ಸಲ್ಫಿನಿಕ್ ಆಮ್ಲವಾದರೂ ಅಷ್ಟೇ ಹೆಚ್ಚುತ್ತದೆ. ಗಂಧಕದ ತೂಕ 31.972, ಎರಡು ಆಕ್ಸಿಜನ್ನಿನದು 31.990. ಇಷ್ಟು ಸಣ್ಣ ಅಂತರ ಪೂರ್ಣ ಪ್ರೋಟೀನಿನಲ್ಲಿ ಕಾಣದು, ಪೆಪ್ಟೈಡಿನಲ್ಲಿ ನೋಡಬೇಕು. ಸುಲಭದ ದಾರಿಯೆಂದರೆ ಮಾದರಿಯ ಇನ್ನೊಂದು ಭಾಗಕ್ಕೆ ಡಿಟಿಟಿ ಹಾಕಿ ಹೋಲಿಸುವುದು. 32 ಇಳಿದರೆ ಅದು ಪರ್ಸಲ್ಫೈಡ್. ಇಳಿಯದಿದ್ದರೆ ಪ್ರೋಟೀನ್ ಗಾಳಿಯಲ್ಲಿ ಉತ್ಕರ್ಷಣಗೊಂಡಿದೆ, ಹೊಸ ಬ್ಯಾಚ್ ಮಾಡಬೇಕು.