ಬಾತುಮೊಟ್ಟೆಗೆ ಕೋಳಿಯ ಕಾವು

ಕುಮಟಾ ಕಡೆಯ ನಮ್ಮ ಗಜನಿ ಗದ್ದೆಗಳ (ಹೊಳೆಯ ಉಪ್ಪುನೀರು ಏರುವ ತಗ್ಗು ಗದ್ದೆಗಳ) ಅಂಚಿನಲ್ಲಿ ಬಾತುಕೋಳಿ ಸಾಕುವವರಿಗೆ ಮೊಟ್ಟೆಯ ಕೊರತೆಯಿಲ್ಲ; ಕಷ್ಟವಿರುವುದು ಮರಿ ಮಾಡಿಸುವುದರಲ್ಲಿ. ಖಾಕಿ ಕ್ಯಾಂಪ್‌ಬೆಲ್ ತಳಿಯು ಚೆನ್ನಾಗಿ ಸಾಕಿದರೆ ವರ್ಷಕ್ಕೆ 300ರ ಆಸುಪಾಸು ಮೊಟ್ಟೆಯಿಡುತ್ತದೆ, ಆದರೆ ಕಾವಿಗೆ ಕೂರುವುದು ಅಪರೂಪ. ಹಾಗಾಗಿ ಮನೆಯ ನಾಟಿಕೋಳಿಯನ್ನೇ ನಂಬಬೇಕಾಗುತ್ತದೆ.

ಐದಾರು ಹೆಣ್ಣುಗಳಿಗೆ ಒಂದು ಗಂಡು ಸಾಕು. ಬಾತು ಹೆಚ್ಚಾಗಿ ಬೆಳಗಿನ ಜಾವದಲ್ಲಿ ಮೊಟ್ಟೆಯಿಡುವುದರಿಂದ ಒಂಬತ್ತು ಗಂಟೆಯವರೆಗೆ ಗೂಡಿನ ಬಾಗಿಲು ತೆರೆಯಬೇಡಿ. ತೆರೆದರೆ ಮೊಟ್ಟೆ ಕೆಸರಿನ ಪಾಲಾಗುತ್ತದೆ. ಕಾವಿಗೆ ಒಂದು ವಾರದೊಳಗಿನ, ಬಿರುಕಿಲ್ಲದ, ತೊಳೆಯದೆಯೇ ಶುಭ್ರವಾಗಿರುವ ಮೊಟ್ಟೆಗಳನ್ನಷ್ಟೇ ಆರಿಸಿ.

ಒಂದು ಕೋಳಿಗೆ ಎಂಟರಿಂದ ಹತ್ತು ಬಾತುಮೊಟ್ಟೆ ಸಾಕು. ಕೋಳಿಮೊಟ್ಟೆಯನ್ನು ಮಾತ್ರ ಜೊತೆಗೆ ಸೇರಿಸಬೇಡಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹಾಗೆ ಸೇರಿಸಿದ್ದೆ. 21ನೆಯ ದಿನ ಕೋಳಿಮರಿಗಳು ಹೊರಬಂದವು, ತಾಯಿ ಅವುಗಳ ಹಿಂದೆಯೇ ಬುಟ್ಟಿಯಿಂದ ಇಳಿದುಹೋಯಿತು. 28 ದಿನ ಬೇಕಾದ ಬಾತುಮೊಟ್ಟೆಗಳು ಒಳಗೆ ಜೀವವಿದ್ದಂತೆಯೇ ತಣ್ಣಗಾದವು. ಆ ಸಂಕಟ ಇಂದಿಗೂ ಮರೆತಿಲ್ಲ.

ಬಾತುಮೊಟ್ಟೆ ಭಾರವಾದ್ದರಿಂದ ಕೋಳಿ ಅದನ್ನು ಸರಿಯಾಗಿ ಹೊರಳಿಸಲಾರದು. ಒಂದು ಬದಿಗೆ ಇದ್ದಿಲಿನ ಗುರುತು ಹಾಕಿ, ಕೋಳಿ ಮೇವಿಗೆ ಎದ್ದಾಗಲೆಲ್ಲ ನೀವೇ ತಿರುಗಿಸಿಡಿ. ಕಾವಿಗೆ ಕೂತ ಬಾತು ನೀರಿಗಿಳಿದು ಒದ್ದೆ ಗರಿಯಲ್ಲಿ ಮರಳುತ್ತದೆ. ಕೋಳಿ ಶಾಖವನ್ನು ಕೊಟ್ಟೀತು, ಆ ತೇವವನ್ನು ಕೊಡಲಾರದು. ಆದ್ದರಿಂದ ಎರಡನೆಯ ವಾರದಿಂದ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರನ್ನು ಬೆರಳ ತುದಿಯಿಂದ ಚಿಮುಕಿಸಬೇಕು. ಬೇಸಿಗೆಗೆ ಹೇಳಿದ ಮಾತಿದು. ಗೋಡೆಯೇ ಬೆವರುವ ನಮ್ಮ ಆಷಾಢದ ಮಳೆಯಲ್ಲಿ ಕೊನೆಯ ಮೂರು ದಿನ ಚಿಮುಕಿಸಿದರೆ ಸಾಕು.

ಏಳನೆಯ ರಾತ್ರಿ ಕತ್ತಲೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದು ನೋಡಿ: ಜೇಡ ಕಾಲು ಚಾಚಿದಂತೆ ಕೆಂಪು ನರಗಳು ಹರಡಿದ್ದರೆ ಮರಿಯಿದೆ, ತಿಳಿಯಾಗಿ ಕಂಡರೆ ತೆಗೆದುಬಿಡಿ. 25ನೆಯ ದಿನದಿಂದ ತಿರುಗಿಸುವುದನ್ನು ನಿಲ್ಲಿಸಿ. ಚಿಪ್ಪು ಬಿರಿದ ಮೇಲೂ ಮರಿ ಹೊರಬರಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯಬಹುದು. ಕನಿಕರದಿಂದ ಚಿಪ್ಪು ಸುಲಿದರೆ ಇನ್ನೂ ಒಣಗದ ನರ ಹರಿದು ರಕ್ತ ಸುರಿಯುತ್ತದೆ.

ಮರಿಗಳಿಗೆ ನುಚ್ಚಿನ ಅನ್ನವನ್ನು ಹಿಸುಕಿ ಕೊಡಿ, ಪಕ್ಕದಲ್ಲಿ ಮೂಗು ಮುಳುಗುವಷ್ಟು ನೀರಿರಲಿ. ಮಳೆಗಾಲದಲ್ಲಿ ಬೂಸಲು ಹಿಡಿದ ಶೇಂಗಾ ಹಿಂಡಿಯನ್ನಾಗಲಿ ಜೋಳವನ್ನಾಗಲಿ ಚಿಟಿಕೆಯಷ್ಟೂ ಹಾಕಬೇಡಿ; ಆ ಬೂಸಲಿನ ವಿಷಕ್ಕೆ ಕೋಳಿಗಿಂತ ಬಾತು ಬೇಗ ಬಲಿಯಾಗುತ್ತದೆ. ಕೋಳಿ ಸಾಕಿದ ಬಾತುಮರಿಯ ತುಪ್ಪುಳಿಗೆ ತಾಯಿಬಾತಿನ ಗರಿಯ ಎಣ್ಣೆ ಅಂಟಿರುವುದಿಲ್ಲ. ಆದ್ದರಿಂದ ಮೊದಲ ಮೂರು ನಾಲ್ಕು ವಾರ ಅದನ್ನು ಗದ್ದೆಯ ನೀರಿಗೆ ಬಿಡಬೇಡಿ.