ಗೋಳಗುಮ್ಮಟದಲ್ಲಿ ಅಪ್ಪನ ವಾಚಿನ ಸದ್ದು ಕೇಳಿದೆ

ಗೋಳಗುಮ್ಮಟದ ಗ್ಯಾಲರಿಯಲ್ಲಿ ಕೈಗಡಿಯಾರದ ಟಿಕ್ ಟಿಕ್ ಕೂಡ ಆ ಬದಿಯಿಂದ ಈ ಬದಿಗೆ ಕೇಳಿಸುತ್ತದೆ ಅನ್ನುವ ಮಾತನ್ನು ಚಿಕ್ಕವನಿದ್ದಾಗಿನಿಂದ ಕೇಳಿದ್ದೆ. ಶಾಲೆಯ ಪ್ರವಾಸಕ್ಕೆ ಹೋದಾಗ ನಾವೆಲ್ಲ ಕೂಗಿದ್ದೇ ಕೂಗಿದ್ದು. ವಾಚಿನ ಸದ್ದು ಕೇಳುವ ವ್ಯವಧಾನ ಯಾರಿಗಿತ್ತು? ಹಳೆಯ ಚಾವಿ ವಾಚುಗಳ ಹುಚ್ಚು ಹತ್ತಿದ ಮೇಲೆ ಆ ಮಾತು ಮತ್ತೆ ನೆನಪಾಯಿತು. ಕಳೆದ ಡಿಸೆಂಬರ್ ಕೊನೆಗೆ ವಿಜಯಪುರದ ತಂಗಿಯ ಮನೆಗೆ ಎರಡು ದಿನಕ್ಕೆ ಹೋಗುವುದಿತ್ತು. ಅಪ್ಪನ ಎಚ್‌ಎಂಟಿ ಜನತಾ ತೆಗೆದುಕೊಂಡು ಹೊರಟೆ.

24ರ ಸಂಜೆ ತಂಗಿಯ ಮಗನನ್ನು ಕರೆದುಕೊಂಡು ಮೊದಲ ಸಲ ಹತ್ತಿದೆ. ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಕಡಿದಾಗಿವೆ, ಏಳು ಅಂತಸ್ತು. ಮೇಲೆ ಹೋದರೆ ಜಾತ್ರೆ. ರಜೆಯ ದಿನಗಳು, ಎಲ್ಲ ಕಡೆಯಿಂದ ಶಾಲೆಯ ಮಕ್ಕಳು ಬಂದಿದ್ದರು. ಒಬ್ಬರು ಕೂಗಿದರೆ ಅದೇ ಕೂಗು ಮತ್ತೆ ಮತ್ತೆ ತಿರುಗಿ ಬರುವ ಜಾಗ ಅದು. ನೂರು ಜನ ಕೂಗಿದರೆ ಹೇಗಿರಬೇಡ! ಗೋಡೆಗೆ ಕಿವಿ ಹಚ್ಚಿ ಕೂತರೂ ಏನೂ ಕೇಳಲಿಲ್ಲ.

ಇನ್ನೊಂದು ತೊಂದರೆಯೂ ಇತ್ತು. ಊರಿಂದ ಹೊರಟಾಗಿನಿಂದ ವಾಚು ಸಿಕ್ಕಾಪಟ್ಟೆ ಮುಂದೆ ಓಡುತ್ತಿತ್ತು. ಲೆಕ್ಕ ಹಾಕಿದರೆ ದಿನಕ್ಕೆ 12 ನಿಮಿಷ. ಸರ್ವಿಸ್ ಮಾಡಿಸಿ ಆರು ತಿಂಗಳೂ ಆಗಿರಲಿಲ್ಲ. ಗಾಂಧಿ ಚೌಕದ ಕಡೆ ಬಂದು, ಗಲ್ಲಿಯೊಂದರಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ವಾಚ್ ರಿಪೇರಿ ಚಾಚಾ ಹತ್ತಿರ ಕೊಟ್ಟೆ. ಅವರು ಹಿಂದಿನ ಮುಚ್ಚಳ ತೆಗೆಯಲೇ ಇಲ್ಲ. ಡ್ರಾದಿಂದ ಸಣ್ಣ ದಿಕ್ಸೂಚಿ ತೆಗೆದು ಮೇಜಿನ ಮೇಲಿಟ್ಟು ವಾಚನ್ನು ಅದರ ಹತ್ತಿರ ತಂದರು. ಮುಳ್ಳು ಗಡಗಡ ನಡುಗಿತು. ವಾಚನ್ನು ಆಚೆ ಒಯ್ದರೆ ನಿಂತಿತು. ಮತ್ತೆ ತಂದರೆ ಮತ್ತೆ ನಡುಕ.

"ಇದಕ್ಕ ಮ್ಯಾಗ್ನೆಟ್ ಹಿಡದೈತ್ರಿ ಸರ. ವಾಚಿಂದೇನೂ ತಪ್ಪಿಲ್ಲ."

ಮ್ಯಾಗ್ನೆಟ್ ಬಟನ್ ಇರುವ ಮೊಬೈಲ್ ಕವರಿನ ಜೊತೆ ವಾಚನ್ನು ಒಂದೇ ಖಾನೆಯಲ್ಲಿ ಇಟ್ಟುಕೊಂಡು ಬಂದಿದ್ದೆ. ಒಳಗಿನ ಹೇರ್‌ಸ್ಪ್ರಿಂಗ್ ಕೂದಲಿನಷ್ಟು ಸಣ್ಣ. ಅಯಸ್ಕಾಂತ ಹಿಡಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. ಆಗ ಸ್ಪ್ರಿಂಗ್ ಗಿಡ್ಡ ಆದ ಹಾಗೆ, ಬ್ಯಾಲೆನ್ಸ್ ಚಕ್ರ ಬೇಗ ಬೇಗ ಹೊಯ್ದಾಡುತ್ತದೆ, ವಾಚು ಮುಂದೆ ಓಡುತ್ತದೆ. ಚಾಚಾ ಅಯಸ್ಕಾಂತ ಬಿಡಿಸುವ ಒಂದು ನೀಲಿ ಡಬ್ಬಿಯ ಗುಂಡಿ ಒತ್ತಿ ಹಿಡಿದು, ಅದರ ಮೇಲಿಂದ ವಾಚನ್ನು ನಿಧಾನಕ್ಕೆ ದೂರ ಎಳೆದರು. ಎರಡು ಸಲ. ದಿಕ್ಸೂಚಿಯ ಮುಳ್ಳು ಅಲುಗಲಿಲ್ಲ. 50 ರೂಪಾಯಿ ಕೊಟ್ಟೆ. ನೀವು ಹಳೆಯ ವಾಚು ತೆಗೆದುಕೊಂಡು ಪ್ರಯಾಣ ಮಾಡುವವರಾದರೆ ಮೊಬೈಲಿನಿಂದ ದೂರ ಇಡಿ, ಇಲ್ಲಾ ಕೈಗೇ ಕಟ್ಟಿಕೊಳ್ಳಿ.

ಚಾಚಾನ ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಎಚ್‌ಎಂಟಿಗಳ ರಾಶಿಯೇ ಇತ್ತು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ವಾಚುಗಳು. 2016ರಲ್ಲಿ ಸರ್ಕಾರ ವಾಚ್ ಕಂಪನಿ ಮುಚ್ಚುವ ತೀರ್ಮಾನ ಮಾಡಿದ ಮೇಲೆ ಇವಕ್ಕೆ ಬೇಡಿಕೆ ಜಾಸ್ತಿ ಆಯಿತು. ಆದರೆ ಡಯಲ್ ಹೊಸದರ ಹಾಗೆ ಮಿಂಚುತ್ತಿದ್ದರೆ, ಬಣ್ಣ ವಿಚಿತ್ರವಾಗಿದ್ದರೆ, ಅದಕ್ಕೆ ಆಮೇಲೆ ಬಣ್ಣ ಹೊಡೆದಿರುತ್ತಾರೆ. ನಾನು ಕಲೆ ಬಿದ್ದ ಡಯಲ್ಲಿಗೇ ಓಟು ಹಾಕುವವನು. ಏನೂ ಕೊಳ್ಳಲಿಲ್ಲ.

25ರ ಬೆಳಿಗ್ಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ, ಗುಮ್ಮಟದ ಬಾಗಿಲಿಗೆ ಹೋಗಿ ನಿಂತೆವು. ಮೇಲೆ ನಮ್ಮಿಬ್ಬರನ್ನು ಬಿಟ್ಟರೆ ಪಾರಿವಾಳ ಮಾತ್ರ. ಹುಡುಗನಿಗೆ ವಾಚು ಕೊಟ್ಟು ಎದುರು ಬದಿಗೆ ಕಳಿಸಿದೆ. ನಡುವೆ ಸುಮಾರು 38 ಮೀಟರ್ ಬಯಲು, ಕೆಳಗೆ ಮಹಮ್ಮದ್ ಆದಿಲ್ ಶಾಹನ ಗೋರಿ. ವಾಚಿನ ಬೆನ್ನನ್ನು ಗೋಡೆಯ ಸಮೀಪ ಹಿಡಿ, ಅಲುಗಾಡಬೇಡ ಅಂತ ಹೇಳಿದ್ದೆ. ನಾನು ಈ ಬದಿಯಲ್ಲಿ ಕಣ್ಣು ಮುಚ್ಚಿ ಗೋಡೆಗೆ ಕಿವಿ ಕೊಟ್ಟೆ. ಮೊದಲು ನನ್ನ ಉಸಿರೇ ಕೇಳುತ್ತಿತ್ತು. ಉಸಿರು ಹಿಡಿದೆ. ಆಗ ಬಂತು. ತೀರಾ ಸಣ್ಣ ಸದ್ದು, ಆದರೆ ಒಂದೊಂದು ಟಿಕ್ ಬೇರೆ ಬೇರೆ ಗೊತ್ತಾಗುತ್ತಿತ್ತು. ಅಪ್ಪನ ದಿಂಬಿನ ಪಕ್ಕ ಮಲಗಿ ಕೇಳುತ್ತಿದ್ದ ಸದ್ದು ಅದೇ.

"ಮಾಮಾ, ಕೇಳಸಾಕತ್ತೈತೇನು?" ಅಂತ ಅವನು ಪಿಸುಗುಟ್ಟಿದ್ದು ಕಿವಿಯ ಬುಡದಲ್ಲೇ ಬಂದು ನಿಂತಿತು.

ಈ ವಾಚು ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು. ಗೋಡೆಗುಂಟ ಅರ್ಧ ಸುತ್ತು ಬರಬೇಕಾದರೆ ಸದ್ದು ಸುಮಾರು 60 ಮೀಟರ್ ದಾರಿ ಸಾಗಬೇಕು. ಅದಕ್ಕೆ ಹಿಡಿಯುವುದು ಹೆಚ್ಚುಕಡಿಮೆ 0.17 ಸೆಕೆಂಡು. ಎರಡು ಬಡಿತದ ನಡುವಿನ ಹೊತ್ತು 0.2 ಸೆಕೆಂಡು. ಅಂದರೆ ಒಂದು ಟಿಕ್ ನನ್ನ ಕಿವಿ ಮುಟ್ಟುವ ಹೊತ್ತಿಗೆ ಅಲ್ಲಿ ಇನ್ನೊಂದು ಟಿಕ್ ಇನ್ನೇನು ಹುಟ್ಟುವುದರಲ್ಲಿದೆ. ನನ್ನ ಸೆಲ್ ವಾಚನ್ನೂ ಹಿಡಿಸಿ ನೋಡಿದೆ, ಗೊತ್ತಾಗಲಿಲ್ಲ. ಹತ್ತು ನಿಮಿಷದಲ್ಲಿ ಮೊದಲ ಗುಂಪು ಮೆಟ್ಟಿಲು ಹತ್ತಿ ಬಂತು, ಕೂಗು ಶುರುವಾಯಿತು. ನಿಮಗೂ ಸಿಗುವುದು ಅಷ್ಟೇ ಹೊತ್ತು. ಬೇಗ ಹೋಗಿ.

ಮಧ್ಯಾಹ್ನ ತಂಗಿಯ ಮನೆಯ ಮಾಳಿಗೆ ಮೇಲೆ ಇನ್ನೊಂದು ಕೆಲಸ. ನಮ್ಮ ಗಡಿಯಾರಗಳು ತೋರಿಸುವುದು 82.5 ಡಿಗ್ರಿ ರೇಖಾಂಶದ ಸಮಯ. ವಿಜಯಪುರ ಇರುವುದು 75.7ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಇಲ್ಲಿಯ ಸೂರ್ಯ 27 ನಿಮಿಷ ತಡ, ಅಂದರೆ ನೆರಳು ಎಲ್ಲಕ್ಕಿಂತ ಗಿಡ್ಡ ಆಗುವ ಸೂರ್ಯನ ಮಧ್ಯಾಹ್ನ ಗಡಿಯಾರದ 12 ಗಂಟೆ 27ಕ್ಕೆ ಆಗಬೇಕು. ಹಿರಿಯರ ಲೆಕ್ಕದಲ್ಲಿ 24 ನಿಮಿಷಕ್ಕೆ ಒಂದು ಗಳಿಗೆ ಅಲ್ವಾ, ಹಾಗಾದರೆ ಒಂದು ಗಳಿಗೆಯ ಮೇಲೆ ಮೂರು ನಿಮಿಷ. ಮಣ್ಣು ತುಂಬಿದ ಡಬ್ಬಿಯಲ್ಲಿ ಕಬ್ಬಿಣದ ಸಳಿ ನೆಟ್ಟೆ. ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ಸಳಿ ನೆಟ್ಟಗಿದೆಯಾ ನೋಡಿದೆ. 11 ಗಂಟೆ 24 ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ, ಸಳಿಯ ಬುಡದಿಂದ ಅಷ್ಟೇ ಉದ್ದದ ದಾರ ಹಿಡಿದು ಸುತ್ತು ಗೆರೆ ಎಳೆದೆ. ನೆರಳು ಗೆರೆಯೊಳಗೆ ಸರಿದು, ಗಿಡ್ಡ ಆಗಿ, ಮತ್ತೆ ಬೆಳೆಯಿತು. ಗೆರೆ ಮುಟ್ಟಿದ್ದು 1 ಗಂಟೆ 31ಕ್ಕೆ. ಎರಡರ ಸರಿ ನಡುವಿನ ಹೊತ್ತು 12 ಗಂಟೆ 27 ನಿಮಿಷ 30 ಸೆಕೆಂಡು, ಅದೇ ಸೂರ್ಯನ ಮಧ್ಯಾಹ್ನ. ಸುಮ್ನೆ ನೆರಳು ಎಲ್ಲಿ ಗಿಡ್ಡ ಅಂತ ನೋಡುತ್ತಾ ಕೂತರೆ ಇಷ್ಟು ನಿಖರವಾಗಿ ಸಿಗುವುದಿಲ್ಲ. ನಡು ಮಧ್ಯಾಹ್ನ ನೆರಳಿನ ಉದ್ದ ಬದಲಾಗುವುದೇ ಕಾಣುವುದಿಲ್ಲ.

ಈ ಲೆಕ್ಕ ಇಷ್ಟು ಸರಿಯಾಗಿ ಕೂರುವುದು ಡಿಸೆಂಬರ್ 25ರ ಆಸುಪಾಸು. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ಓರೆ. ಹಾಗಾಗಿ ಸೂರ್ಯನ ಮಧ್ಯಾಹ್ನ ವರ್ಷವಿಡೀ ಹಿಂದೆ ಮುಂದೆ ಸರಿಯುತ್ತದೆ. ವಿಜಯಪುರದಲ್ಲಿ ನವೆಂಬರ್ ಮೊದಲ ವಾರ 12 ಗಂಟೆ 11ಕ್ಕೇ ಆಗುತ್ತದೆ, ಫೆಬ್ರುವರಿ ಎರಡನೇ ವಾರ 12 ಗಂಟೆ 41ಕ್ಕೆ. ಸಳಿ, ಡಬ್ಬಿ ಎರಡನ್ನೂ ಹುಡುಗನಿಗೇ ಬಿಟ್ಟು ಬಂದೆ.

ಫೆಬ್ರುವರಿ 11ಕ್ಕೆ ಅವನ ಫೋನ್ ಬಂತು. "ಮಾಮಾ, 12 ಗಂಟಿ 40 ಬಂತು ನೋಡು."