ಹೊಳೆಯುವ ಚುಕ್ಕೆಯನ್ನು ನಂಬುವ ಮೊದಲು

ಆಸ್ಪತ್ರೆಯಲ್ಲಿ ಹೃದಯದ ನ್ಯೂಕ್ಲಿಯರ್ ಸ್ಕ್ಯಾನ್ ಅಂದರೆ ಸಾಮಾನ್ಯವಾಗಿ ಟೆಕ್ನೀಷಿಯಂ ಸ್ಕ್ಯಾನ್. ಸ್ನಾಯುವಿಗೆ ರಕ್ತ ಎಲ್ಲಿ ಕಡಿಮೆ ಹೋಗುತ್ತಿದೆ ಅಂತ ಅದು ತೋರಿಸುತ್ತದೆ. ಆದರೆ ನಾಳವನ್ನು ಅಷ್ಟೇನೂ ಕಟ್ಟದ ಪ್ಲಾಕ್ (ನಾಳದ ಗೋಡೆಯಲ್ಲಿ ಸೇರಿಕೊಂಡ ಕೊಬ್ಬಿನ ಪದರ) ಕೂಡ ಒಡೆದು ಹಾರ್ಟ್ ಅಟ್ಯಾಕ್ ತರಬಹುದು. ಅಂಥ ಪ್ಲಾಕ್‌ನಲ್ಲಿ ಹೆಚ್ಚಾಗಿ ಉರಿಯೂತ ಇರುತ್ತದೆ, ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ತುಂಬಿರುತ್ತವೆ. ಸಿಕ್ಕಿದ್ದನ್ನು ನುಂಗುವುದು ಅವುಗಳ ಚಾಳಿ. ವಿಕಿರಣಶೀಲ ಕಣಗಳನ್ನು ಅವುಗಳಿಗೆ ನುಂಗಿಸಿ ಅಂಥ ಪ್ಲಾಕ್ ಅನ್ನು ಸ್ಕ್ಯಾನ್‌ನಲ್ಲಿ ಹುಡುಕುವ ನಮ್ಮ ಕೆಲಸವೆಲ್ಲ ಆ ಚಾಳಿಯನ್ನೇ ನಂಬಿಕೊಂಡಿತ್ತು.

ಅದಕ್ಕೆ ಎಫ್‌ಡಿಜಿ (ಗ್ಲೂಕೋಸ್‌ನಂಥ ವಿಕಿರಣಶೀಲ ವಸ್ತು) ಇದೆಯಲ್ವಾ ಅಂತ ಕೇಳಬಹುದು. ಹೃದಯದ ಸ್ನಾಯು ತಾನೇ ಗ್ಲೂಕೋಸ್ ಎಳೆದುಕೊಂಡು ಹೊಳೆಯುತ್ತದೆ. ಪಕ್ಕದ ಸಣ್ಣ ನಾಳ ಆ ಬೆಳಕಿನಲ್ಲಿ ಕಾಣುವುದೇ ಇಲ್ಲ.

ನಾನು ತೆಗೆದುಕೊಂಡದ್ದು 10-20 ನ್ಯಾನೊಮೀಟರ್ ಗಾತ್ರದ ಡೆಕ್ಸ್‌ಟ್ರಾನ್ (ಸಕ್ಕರೆ ಅಣುಗಳ ಸರಪಳಿ) ಕಣ. ಅದು ರಕ್ತದಲ್ಲಿ ಬಹಳ ಹೊತ್ತು ಸುತ್ತುತ್ತದೆ. ಹಾಗಾಗಿ ಅದಕ್ಕೆ ಕಟ್ಟುವ ವಿಕಿರಣಶೀಲ ಗುರುತಾಗಿ, 110 ನಿಮಿಷಕ್ಕೆ ಅರ್ಧಕ್ಕಿಳಿಯುವ ಫ್ಲೋರಿನ್-18 ಸಾಲದು, ಅರ್ಧಕ್ಕಿಳಿಯಲು ಸುಮಾರು 78 ಗಂಟೆ ತೆಗೆದುಕೊಳ್ಳುವ ಜಿರ್ಕೋನಿಯಂ-89 ಬೇಕು. ಇದು ಆಕ್ಸಾಲಿಕ್ ಆಮ್ಲದಲ್ಲಿ ಬರುತ್ತದೆ. ಸೋಡಿಯಂ ಕಾರ್ಬೊನೇಟ್ ಹನಿ ಹನಿಯಾಗಿ ಹಾಕಿ ಪಿಎಚ್ 7ರ ಹತ್ತಿರ ತರಬೇಕು. ಗುಳ್ಳೆ ನಿಲ್ಲುವವರೆಗೆ ಮುಚ್ಚಳ ಬಿಗಿ ಮಾಡಬಾರದು. ಆಮೇಲೆ, ಜಿರ್ಕೋನಿಯಂ ಹಿಡಿದಿಡುವ ಡೆಫೆರಾಕ್ಸಮೀನ್ ಮೊದಲೇ ಅಂಟಿಸಿಟ್ಟ ಕಣದ ಜೊತೆ 37 ಡಿಗ್ರಿಯಲ್ಲಿ ಒಂದು ಗಂಟೆ. ಕಾಲಂನಲ್ಲಿ ಸೋಸಿ, ಟಿಎಲ್‌ಸಿ ಪಟ್ಟಿಯಲ್ಲಿ (ದ್ರಾವಣ ಮೇಲೇರುತ್ತಾ ವಸ್ತುಗಳನ್ನು ಬೇರೆ ಮಾಡುವ ಪಟ್ಟಿ) ನೋಡುತ್ತೇನೆ: ಕಣ ಹಾಕಿದಲ್ಲೇ ಕೂರುತ್ತದೆ, ಅಂಟದೆ ಉಳಿದ ಜಿರ್ಕೋನಿಯಂ ಲೋಹ ಹಿಡಿಯುವ ಇಡಿಟಿಎ ದ್ರಾವಣದ ಜೊತೆ ಮೇಲಕ್ಕೆ ಓಡುತ್ತದೆ. ಶೇ. 95ಕ್ಕಿಂತ ಕಡಿಮೆ ಶುದ್ಧವಿದ್ದರೆ ಇಂಜೆಕ್ಷನ್ ಇಲ್ಲ. ನಿಜ ಹೇಳಬೇಕೆಂದರೆ ಇದು ಸುಲಭದ ಭಾಗ.

ರಕ್ತದ ಕೊಬ್ಬನ್ನು ತೆಗೆಯಲು ನೆರವಾಗುವ ಅಪೊಇ ಜೀನ್ ಇಲ್ಲದ ಇಲಿಗೆ ಕೊಬ್ಬಿನ ಆಹಾರ ಕೊಟ್ಟರೆ ಮಹಾಪಧಮನಿಯ ಬುಡದಲ್ಲಿ, ಕಮಾನಿನಲ್ಲಿ ಪ್ಲಾಕ್ ಬೆಳೆಯುತ್ತದೆ. ಬಾಲದ ರಕ್ತನಾಳಕ್ಕೆ ಚುಚ್ಚಿ, ರಕ್ತ ಖಾಲಿಯಾಗಲಿ ಅಂತ ಒಂದೆರಡು ದಿನ ಬಿಟ್ಟು ಪೆಟ್-ಸಿಟಿ ಸ್ಕ್ಯಾನ್ (ವಿಕಿರಣ ಬರುವ ಜಾಗವನ್ನು ದೇಹದ ರಚನೆಯ ಮೇಲೆ ತೋರಿಸುವುದು) ಮಾಡುತ್ತೇವೆ. ಕಮಾನಿನಲ್ಲಿ ಚುಕ್ಕೆ ಹೊಳೆಯುತ್ತದೆ. ಎಲ್ಲರೂ ಖುಷಿಯಾಗುತ್ತಾರೆ. ನಾನು ಮೊದಲು ಮೂಳೆ ನೋಡುತ್ತೇನೆ. ಕಣದಿಂದ ಬಿಟ್ಟುಹೋದ ಜಿರ್ಕೋನಿಯಂ ಮೂಳೆಗೆ ಹೋಗಿ ಕೂರುತ್ತದೆ. ಮಂಡಿ, ಬೆನ್ನುಮೂಳೆ ಬೆಳಗುತ್ತಿದ್ದರೆ ಕಮಾನಿನ ಚುಕ್ಕೆಯ ಬಗ್ಗೆಯೂ ಅನುಮಾನ ಇಟ್ಟುಕೊಳ್ಳಬೇಕು. ಯಕೃತ್ತು, ಗುಲ್ಮ ಬೆಳಗುವುದು ಮಾಮೂಲಿ. ಅಲ್ಲೂ ಮ್ಯಾಕ್ರೊಫೇಜ್‌ಗಳೇ ಇವೆಯಲ್ಲ.

ಇಷ್ಟಾದರೂ ಚಿತ್ರವೊಂದೇ ಸಾಲದು. ಇಲಿಯ ಮಹಾಪಧಮನಿಯ ಅಗಲ ಒಂದು ಮಿಲಿಮೀಟರ್ ಆಸುಪಾಸು. ಸ್ಕ್ಯಾನರ್ ಬಿಡಿಸಿ ತೋರಿಸುವುದೂ ಹೆಚ್ಚುಕಡಿಮೆ ಅಷ್ಟೇ. ಚುಕ್ಕೆ ಗೋಡೆಯದೋ ಒಳಗಿನ ರಕ್ತದ್ದೋ ಹೇಳುವುದು ಕಷ್ಟ. ಹಾಗಾಗಿ ನಾಳವನ್ನು ತೆಗೆದು ಗಾಮಾ ಕೌಂಟರ್‌ನಲ್ಲಿ ಎಣಿಸುತ್ತೇವೆ, ಫಿಲ್ಮ್ ಮೇಲಿಟ್ಟು ಆಟೊರೇಡಿಯೊಗ್ರಫಿ ಮಾಡುತ್ತೇವೆ (ವಿಕಿರಣ ಇದ್ದಲ್ಲಿ ಫಿಲ್ಮ್ ಕಪ್ಪಾಗುತ್ತದೆ), ಕೊಬ್ಬಿಗೆ ಹತ್ತುವ ಆಯಿಲ್ ರೆಡ್ ಓ ಬಣ್ಣ ಹಾಕುತ್ತೇವೆ. ಕೊಬ್ಬು ಕೆಂಪಾದ ಜಾಗ, ಫಿಲ್ಮ್ ಕಪ್ಪಾದ ಜಾಗ ಒಂದರ ಮೇಲೊಂದು ಕೂತರೆ ಮಾತ್ರ ನನಗೆ ಸಮಾಧಾನ. ಹೋಲಿಸಿ ನೋಡಲು ಆರೋಗ್ಯವಂತ ಇಲಿಗೂ ಇದೆಲ್ಲ ಆಗಬೇಕು. ಈ ಕೆಲಸವನ್ನು ಬಿಟ್ಟು ಸುಮ್ನೆ ಬಣ್ಣದ ಸ್ಕ್ಯಾನ್ ತೋರಿಸುವವರನ್ನು ನಾನು ನಂಬುವುದಿಲ್ಲ.

ಮನುಷ್ಯರಿಗೆ ಈ ಕಣ ಸರಿಹೊಂದೀತು ಅಂತ ನನಗನಿಸಿಲ್ಲ. ದಿನಗಟ್ಟಲೆ ಯಕೃತ್ತಿನಲ್ಲಿ ಕೂತು ವಿಕಿರಣ ಕೊಡುತ್ತದೆ. 2017ರಲ್ಲಿ ಬಾಸ್ಟನ್ನಿನ ಸಂಶೋಧಕರು 5 ನ್ಯಾನೊಮೀಟರ್ ಆಸುಪಾಸಿನ ಪಾಲಿಗ್ಲೂಕೋಸ್ ಕಣಕ್ಕೆ ಫ್ಲೋರಿನ್-18 ಕಟ್ಟಿ ಇಲಿ, ಮೊಲ, ಕೋತಿಗಳಲ್ಲಿ ನೋಡಿದರು. ಅಷ್ಟು ಚಿಕ್ಕ ಕಣವನ್ನು ಕಿಡ್ನಿ ಬೇಗ ಹೊರಹಾಕುತ್ತದೆ. ನನ್ನ ಒಲವೂ ಈಗ ಆ ಕಡೆಗೇ.